ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು

ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋಗಿಬರುವ ನಮ್ಮ ಸಿರಿಗೇರಿ, ಸಿರುಗುಪ್ಪ ಸೀಮೆಯ ಭಕ್ತಾದಿಗಳಿಗೆ ಜಾತ್ರೆಯ ಬೀದಿಯ ಬದಿಯಲ್ಲಿ ಕುಳಿತು ಹಾಡಿ ಕಾಸು ಬೇಡುವ ಕುರುಡರ ನೋಟವು ಹೊಸದಲ್ಲ. ನೂರು ವರ್ಷಗಳ ಹಿಂದೆ ಬಡವರ ಮನೆಯಲ್ಲಿ ದೃಷ್ಟಿಯಿಲ್ಲದೆ ಹುಟ್ಟಿದ ಶಿಶುವಿಗೆ ಅದರ ಹೊರತು ಬೇರೊಂದು ಬಾಳುವೆಯುಂಟೆಂದು ಎಣಿಸುವವರೇ ವಿರಳವಾಗಿದ್ದರು. ಕಂಠವು ಇಂಪಾಗಿದ್ದರೆ ಜೋಳಿಗೆಯು ಸ್ವಲ್ಪ ಬೇಗನೆ ತುಂಬುತ್ತಿತ್ತು, ಅಷ್ಟೇ. ಇಂತಹ ಶಿಶುವೊಂದು ಪರರ ಕೈಯಲ್ಲಿ ಬೆಳೆದು, ತಾನು ಪಡೆದುದನ್ನು ತನ್ನಂತಹ ಶಿಶುಗಳ ಪಾಲನೆಗೆಂದೇ ಮುಡಿಪಾಗಿರಿಸಿದ ಚರಿತ್ರೆಯನ್ನು ಇಲ್ಲಿ ನಿರೂಪಿಸಲಾಗಿದೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಗ್ರಾಮದಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ಬಡ ದಂಪತಿಗಳಿಗೆ 1892ನೆಯ ಇಸವಿಯ ಫೆಬ್ರುವರಿ 2ರಂದು ಗವಾಯಿಗಳವರು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಅಣ್ಣನಾದ ಗುರುಬಸಯ್ಯನೂ ಅಂಧನೇ. ಒಂದು ಮನೆಯಲ್ಲಿ ಇಬ್ಬರು ಕುರುಡ ಮಕ್ಕಳು! ಒಕ್ಕಲುತನದ ಊರಿನಲ್ಲಿ ಹೊಲಕ್ಕೂ ಆಗದ, ಓದಿಗೂ ಆಗದ ಮಕ್ಕಳನ್ನು ಹೆತ್ತವರ ಕಳವಳವು ಎಂತಹದೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಇಬ್ಬರಿಗೂ ಶಾರೀರವು ದೈವದತ್ತವಾಗಿತ್ತು.

ಆ ಶಾರೀರವು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕಿವಿಗೆ ಬಿತ್ತು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಸಮೀಪದ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾನುಭಾವರು ಇವರೇ. ಅವರು ಬಾಲಕರಿಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಅನಾಥನಿಗೆ ಅನ್ನವಿಕ್ಕುವ ಮಠಗಳು ನಮ್ಮಲ್ಲಿ ಆಗಲೂ ಇದ್ದವು. ಕುರುಡ ಮಗುವಿಗೆ ಎರಡು ಹೊತ್ತು ಪ್ರಸಾದವನ್ನು ಕೊಟ್ಟು, ಒಂದು ಮೂಲೆಯಲ್ಲಿ ಕೂರಿಸಿ, ಪೂಜಾಸಮಯದಲ್ಲಿ ನಾಲ್ಕು ಪದಗಳನ್ನು ಹಾಡಿಸಿದ್ದರೂ ಸ್ವಾಮಿಗಳವರ ಕೀರ್ತಿಗೆ ಕುಂದು ಬರುತ್ತಿರಲಿಲ್ಲ. ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಸಂಗೀತವನ್ನು ಶಾಸ್ತ್ರೋಕ್ತವಾಗಿ, ಕಣ್ಣುಳ್ಳವನೂ ತಲೆದೂಗುವಂತೆ ಕಲಿಸಬೇಕೆಂದು ಸಂಕಲ್ಪಿಸಿದರು. ಗದಿಗೆಯ್ಯನನ್ನು ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ಮೈಸೂರಿಗೆ ಕಳುಹಿಸಿದರು. ಅನಂತರ ಹಿಂದುಸ್ತಾನೀ ಪದ್ಧತಿಯ ಶಿಕ್ಷಣವನ್ನು ಮಿರಜದ ನೀಲಕಂಠ ಬುವಾ ಅವರಿಂದ ಕೊಡಿಸಿದರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಪಾಠ ಹೇಳಿಸಿಕೊಂಡುದು ಈ ಬುವಾ ಅವರಲ್ಲಿಯೇ. ಹೆತ್ತ ಮಗನ ವಿದ್ಯೆಗಾಗಿ ಗೃಹಸ್ಥನೊಬ್ಬನು ಇಷ್ಟು ಆಸ್ಥೆಯನ್ನು ವಹಿಸಿಯಾನೇ ಎಂಬುದು ಸಂದೇಹ. ಗದಿಗೆಯ್ಯನು ಪಂಚಾಕ್ಷರಿಯಾದನು, ಉತ್ತರ ದಕ್ಷಿಣಗಳೆರಡೂ ಪದ್ಧತಿಗಳಲ್ಲಿ ಪಾರಂಗತನಾದ ಗವಾಯಿಯಾದನು.

ಅಂದಿನ ದಿನಗಳಲ್ಲಿ ಒಳ್ಳೆಯ ಗವಾಯಿಗೆ ಸಂಸ್ಥಾನಗಳ ಆಶ್ರಯವುಂಟು, ಶ್ರೀಮಂತರ ಮನೆಗಳಲ್ಲಿ ಬೈಠಕುಗಳುಂಟು. ಒಂಟಿಯಾಗಿ ಹಾಡಿಕೊಂಡಿದ್ದರೆ ಪಂಚಾಕ್ಷರಿ ಗವಾಯಿಗಳವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ. ಆದರೆ ಗುರುಗಳ ಇಚ್ಛೆಯು ಬೇರೆಯಾಗಿತ್ತು. ಶಿಷ್ಯರ ಮನಸ್ಸೂ ಅದಕ್ಕೇ ಒಲಿದಿತ್ತು. ಅವರು ಬ್ರಹ್ಮಚಾರಿಗಳಾಗಿಯೇ ಉಳಿದು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ನಡೆಯಿಸತೊಡಗಿದರು. ಇಂದು ಗದಗಿನಲ್ಲಿರುವ ಪುಣ್ಯಾಶ್ರಮದ ಆರಂಭವನ್ನು 1914ರಿಂದ ಎಣಿಸುವುದುಂಟು. ಆದರೆ ಆ ಶಾಲೆಗೆ ಬಹುಕಾಲ ಸ್ವಂತದ ಸೂರೆಂಬುದಿರಲಿಲ್ಲ. ಮಕ್ಕಳು, ತಂಬೂರಿ, ಹಾರ್ಮೋನಿಯಂ, ತಬಲಾ, ಅಡಿಗೆಯ ಪಾತ್ರೆಗಳು ಇವೆಲ್ಲವನ್ನೂ ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವ ಶಾಲೆಯದು.

ಈ ಶಾಲೆಯು ಮನೆಯೂ ಆಗಲೇಬೇಕಾದುದಕ್ಕೆ ವಿದ್ಯೆಯ ಸ್ವರೂಪವೂ ಒಂದು ಕಾರಣ. ಅಂದಿನ ದಿನಗಳಲ್ಲಿ ಕಣ್ಣಿಲ್ಲದ ಬಡ ಮಗುವಿಗೆ ಓದುವ ಪುಸ್ತಕವು ದೊರೆಯುವುದು ದುರ್ಲಭವಾಗಿತ್ತು, ಬರೆದುಕೊಂಡು ಹೋಗಿ ಮನೆಯಲ್ಲಿ ಬಾಯಿಪಾಠ ಮಾಡುವುದೂ ಸುಲಭವಾಗಿರಲಿಲ್ಲ. ಅವನು ಗುರುವಿನ ಬಾಯಿಂದ ಕೇಳಬೇಕು, ವಾದ್ಯದ ಮೇಲೆ ಕೈಯಿಟ್ಟು ಅರಿಯಬೇಕು, ತಪ್ಪಿದಲ್ಲಿ ಆ ಕ್ಷಣವೇ ತಿದ್ದಿಸಿಕೊಳ್ಳಬೇಕು. ಬೆಳಗಿನ ರಾಗವನ್ನು ಬೆಳಗಿನಲ್ಲಿಯೂ ಇರುಳಿನ ರಾಗವನ್ನು ಇರುಳಿನಲ್ಲಿಯೂ ಕಲಿಯಬೇಕಾದರೆ ಗುರುಶಿಷ್ಯರು ಒಂದೇ ಸೂರಿನಡಿ ಇರತಕ್ಕದ್ದು. ಅಲ್ಲದೆ ಸ್ನಾನ, ಊಟ, ನಡೆದಾಟಗಳನ್ನೂ ಕಲಿಸಬೇಕಾದ ಎಳೆಯ ಮಕ್ಕಳವರು. ಕಲಿಸುವ ಗುರುಗಳೂ ಅಂಧರು. ತಾವು ಕತ್ತಲೆಯಲ್ಲಿ ಕಲಿತವರಾದುದರಿಂದ ಮಗುವು ಎಲ್ಲಿ ಎಡವುವುದೆಂಬುದು ಅವರಿಗೆ ಗೊತ್ತಿತ್ತು.

ಹೀಗೆ ಬಂದವರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚಿ 3ರಂದು ಜನಿಸಿದ ಪುಟ್ಟರಾಜನೊಬ್ಬನು. ಆರು ತಿಂಗಳ ಕೂಸಾಗಿದ್ದಾಗ ಕಣ್ಣುಗಳು ಹೋದವು. ವರ್ಷ ತುಂಬುವ ಮೊದಲೇ ತಂದೆತಾಯಿಗಳು ಹೋದರು. ಸೋದರಮಾವನು ಎತ್ತಿ ಸಾಕಿದನು. ಮಗುವಿನ ಬೆರಳುಗಳು ಹಾರ್ಮೋನಿಯಂ ಮೇಲೆ ಆಡುವುದನ್ನು ಕಂಡ ಆ ಸೋದರಮಾವನು, ಅದು ತನ್ನ ಮನೆಗಿಂತ ಗವಾಯಿಗಳ ಬಳಿಯಲ್ಲಿಯೇ ಬೆಳೆಯತಕ್ಕುದೆಂದು ತಿಳಿದು ಒಪ್ಪಿಸಿಬಿಟ್ಟನು. ಸಾಕಿದ ಕೂಸನ್ನು ಅದರ ಹಿತಕ್ಕಾಗಿ ಬಿಟ್ಟುಕೊಡುವುದು ಸಾಮಾನ್ಯ ತ್ಯಾಗವಲ್ಲ. ಚರಿತ್ರಕಾರರು ಈ ಸೋದರಮಾವನನ್ನು ಒಂದೇ ವಾಕ್ಯದಲ್ಲಿ ದಾಟಿಹೋಗುವುದು ನಮಗೆ ಸರಿದೋರದು.

ಕಣ್ಣುಳ್ಳ ಬಾಲಕರನ್ನೂ ಗವಾಯಿಗಳವರು ದೂರವಿಡಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಯಲಿವಾಳದ ಬಸವರಾಜ ರಾಜಗುರುಗಳು ಇವರಲ್ಲಿಯೇ ಬೆಳೆದು ಕಲಿತರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ನಮ್ಮ ಬಳ್ಳಾರಿ ಸೀಮೆಯ ಹಂಪೆಯಲ್ಲಿ ನಡೆದಾಗ, ತರುಣ ರಾಜಗುರುಗಳು ಆ ಮಹಾಸಭೆಯ ಮುಂದೆ ಹಾಡಿದರು. ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು! ಮುಖ್ಯ ಗಾಯಕರ ಪೀಠವನ್ನು ಶಿಷ್ಯನಿಗೆ ಬಿಟ್ಟು ಗುರುಗಳು ಪಕ್ಕಕ್ಕೆ ಸರಿದು ತಾಳ ಹಿಡಿಯುವುದು ಗವಾಯಿಗಳ ಲೋಕದಲ್ಲಿ ಸುಲಭದ ಸಂಗತಿಯಲ್ಲ.

1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಗವಾಯಿಗಳವರು ಎರಡನೆಯ ಸಲ ತಬ್ಬಲಿಯಾದರೆಂದೇ ಹೇಳಬೇಕು. ಬೆನ್ನಿಗೆ ನಿಂತಿದ್ದ ಗುರುವು ಇಲ್ಲ. ಎದುರಿಗೆ ಹಸಿದ ಮಕ್ಕಳು. ಕಚೇರಿಗಳ ಸಂಭಾವನೆ, ಭಕ್ತರ ಕಾಣಿಕೆ, ಕಡೆಗೆ ನಾಟಕ ಇವುಗಳಿಂದ ದಾಸೋಹವು ಸಾಗಬೇಕಾಯಿತು. ನಾಟಕವೃತ್ತಿಯನ್ನು ಮಠೀಯರು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಅದನ್ನು ಕೈಕೊಂಡುದು ಅವರ ಎದೆಗಾರಿಕೆಯೇ ಸರಿ. ಹಾಡುವವರು, ಬಾರಿಸುವವರು ಮನೆಯಲ್ಲಿಯೇ ಇದ್ದರು. ಪುಟ್ಟರಾಜರು ಮುಂದೆ ನಾಟಕಗಳನ್ನೂ ರಚಿಸಿದರು. ಆಶ್ರಮದ ನಾಟ್ಯಸಂಘದ ಹೆಸರಿಗೆ ಕುಮಾರೇಶ್ವರ ಕೃಪಾಪೋಷಿತವೆಂಬ ವಿಶೇಷಣವು ಅಂಟಿಕೊಂಡಿತು. ಉಳಿದ ಕಂಪನಿಗಳಲ್ಲಿ ಇಂತಹ ಮಾತು ಅಲಂಕಾರವಾಗಿರಬಹುದು; ಇಲ್ಲಿ ಪೋಷಿತವೆಂಬುದು ಅಕ್ಷರಶಃ ಸತ್ಯ.

ಕೊನೆಗೂ ಸಂಚಾರಕ್ಕೆ ಒಂದು ನಿಲುಗಡೆಯು ದೊರೆಯಿತು. ಗದಗಿನ ಬಸರಿಗಿಡದ ವೀರಪ್ಪನವರೆಂಬ ದಾನಿಗಳು ನೆಲೆಯನ್ನು ಒದಗಿಸಿಕೊಟ್ಟರು. 1942ರಲ್ಲಿ ಶಾಲೆಯು ಅಲ್ಲಿ ನೆಲೆಗೊಂಡು, ಅವರ ಹೆಸರಿನಿಂದ ವೀರೇಶ್ವರ ಪುಣ್ಯಾಶ್ರಮವೆನಿಸಿತು. ಸ್ವಂತ ಸೂರಿನ ಸುಖವು ಗವಾಯಿಗಳವರಿಗೆ ಬಹುದಿನ ದಕ್ಕಲಿಲ್ಲ. 1944ರ ಜೂನ್ 11ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು.

ಮಕ್ಕಳ ಭಾರವು ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂದಿತು. ಊರೂರಿನ ಭಕ್ತರು ಅವರಿಗೆ ತುಲಾಭಾರವನ್ನು ಮಾಡಿಸಿದರು; ತಕ್ಕಡಿಗೆ ಬಂದ ಹಣವು ಆಶ್ರಮದ ಒಲೆಗೆ ಹೋಯಿತು. 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ, ಅವರು ಆ ಮನೆಯನ್ನು ನಡೆಯಿಸಿದರು.