ಮಗುವಿನ ಬುದ್ಧಿಗೆ ಅಳತೆ ಹುಡುಕಿದ ಆಲ್ಫ್ರೆಡ್ ಬಿನೆ

ಕಳೆದ ವರ್ಷ ನಮ್ಮ ನಾಲ್ಕನೆಯ ತರಗತಿಯ ಹುಡುಗನೊಬ್ಬನ ತಾಯಿ ಕೈಯಲ್ಲಿ ವರದಿಯೊಂದನ್ನು ಹಿಡಿದುಕೊಂಡು ಶಾಲೆಗೆ ಬಂದಿದ್ದರು. ಓದಿನಲ್ಲಿ ಹಿಂದೆ ಬಿದ್ದಿದ್ದಾನೆಂದು ಮಗನನ್ನು ಬುದ್ಧಿಶಕ್ತಿ ಪರೀಕ್ಷೆಗೆ ಕರೆದೊಯ್ದಿದ್ದರು. ವರದಿಯ ಕೊನೆಯಲ್ಲಿ ಎಪ್ಪತ್ತರ ಆಸುಪಾಸಿನ ಒಂದು ಅಂಕೆ. ಇನ್ನು ಇವನನ್ನು ಓದಿಸಿ ಪ್ರಯೋಜನವುಂಟೇ ಎಂಬುದೇ ಅವರ ಪ್ರಶ್ನೆ. ಪರೀಕ್ಷೆಯ ಹೆಸರು ಬಿನೆ-ಕಾಮತ್ ಪರೀಕ್ಷೆ. ಬಿ.ಎಡ್. ಓದುವಾಗ ನಾವೆಲ್ಲ ಈ ಬಿನೆಯವರನ್ನು ಎರಡು ಅಂಕಗಳ ಪ್ರಶ್ನೆಗೆ ಉತ್ತರವಾಗಿ ಬಾಯಿಪಾಠ ಮಾಡಿದವರು. ನಮ್ಮ ಪುಸ್ತಕಗಳಲ್ಲಿ ಬಿನೆಟ್ ಎಂದು ಅಚ್ಚಾಗಿತ್ತು. ಆ ತಾಯಿಗೆ ಉತ್ತರ ಹೇಳಬೇಕಾಗಿ ಬಂದಾಗಲೇ ನಾನು ಅವರ ಜೀವನವನ್ನು ಸರಿಯಾಗಿ ಓದಿದ್ದು.

ಆಲ್ಫ್ರೆಡ್ ಬಿನೆ 1857ರ ಜುಲೈಯಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಜನಿಸಿದರು. ತಂದೆ ವೈದ್ಯರು, ತಾಯಿ ಚಿತ್ರ ಬರೆಯುತ್ತಿದ್ದವರು. ತಂದೆ ತಾಯಿ ಬೇರೆಯಾದ ಕಾರಣ ತಾಯಿಯ ಆಸರೆಯಲ್ಲೇ ಬೆಳೆದರು. 1878ರಲ್ಲಿ ಕಾನೂನು ಪದವಿ ಪಡೆದರೂ ವಕೀಲಿ ವೃತ್ತಿಗೆ ಮನಸ್ಸು ಒಗ್ಗಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರವನ್ನು ತಾವಾಗಿಯೇ ಓದಿ ಕಲಿತರು.

ಅವರ ಮೊದಲ ದೊಡ್ಡ ಕೆಲಸ ಸೋಲಿನಲ್ಲಿ ಮುಗಿಯಿತು. ಪ್ರಸಿದ್ಧ ವೈದ್ಯ ಶಾರ್ಕೊ ಅವರ ಆಸ್ಪತ್ರೆಯಲ್ಲಿ ಸಮ್ಮೋಹನದ ಪ್ರಯೋಗ ಮಾಡುತ್ತಾ, ಆಯಸ್ಕಾಂತವನ್ನು ಅತ್ತಿತ್ತ ಸರಿಸಿದರೆ ರೋಗಿಯ ಲಕ್ಷಣ ದೇಹದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆಂದು ಬರೆದರು. ಬೆಲ್ಜಿಯಂನ ಡೆಲ್‌ಬೆಫ್ ಎಂಬ ವಿದ್ವಾಂಸರು ಇದನ್ನು ಪರಿಶೀಲಿಸಿ ಅಲ್ಲಗಳೆದರು. ರೋಗಿಯ ಎದುರಿನಲ್ಲೇ ಎಲ್ಲವನ್ನೂ ಮಾತಾಡುತ್ತಿದ್ದುದರಿಂದ, ಏನನ್ನು ನಿರೀಕ್ಷಿಸುತ್ತಿದ್ದಾರೆಂದು ರೋಗಿಗೇ ಗೊತ್ತಿರುತ್ತಿತ್ತು. ಬಿನೆ ತಪ್ಪನ್ನು ಒಪ್ಪಿಕೊಂಡು ಅಲ್ಲಿಂದ ಹೊರಬಂದರು. ಪರೀಕ್ಷಿಸುವವನ ಮುಖಭಾವ, ಒಂದು ಮಾತು ಕೂಡ ಉತ್ತರವನ್ನು ಬದಲಿಸಬಲ್ಲದು ಎಂಬುದನ್ನು ಅವರು ಕಲಿತದ್ದು ಹೀಗೆ.

1884ರಲ್ಲಿ ಮದುವೆಯಾಗಿತ್ತು. ಮದಲೆನ್, ಆಲಿಸ್ ಎಂಬ ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಬಿನೆ ಮನೆಯಲ್ಲೇ ಕುಳಿತು ಮಕ್ಕಳನ್ನು ಗಮನಿಸತೊಡಗಿದರು. ಒಬ್ಬಳು ಒಂದು ಕೆಲಸ ಹಿಡಿದರೆ ಬಿಡದೆ ಗಮನವಿಟ್ಟು ಮಾಡುವವಳು, ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ಒಂದೇ ಮನೆ, ಒಂದೇ ಊಟ, ಆದರೆ ಯೋಚಿಸುವ ದಾರಿ ಬೇರೆ ಬೇರೆ. ಅವಳಿ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1891ರಲ್ಲಿ ಸೊರ್ಬಾನ್ ಪ್ರಯೋಗಾಲಯವನ್ನು ಸಂಬಳವಿಲ್ಲದೆ ಸೇರಿ, ಮುಂದೆ ಅದರ ನಿರ್ದೇಶಕರಾದರು. ಮಕ್ಕಳ ತಲೆಯ ಸುತ್ತಳತೆಯಿಂದ ಬುದ್ಧಿಯನ್ನು ತಿಳಿಯಬಹುದೇ ಎಂದೂ ಅಳೆದು ನೋಡಿದರು. ಜಾಣ ಮಕ್ಕಳ ಮತ್ತು ಹಿಂದುಳಿದ ಮಕ್ಕಳ ತಲೆಯ ನಡುವಿನ ವ್ಯತ್ಯಾಸ ಕೆಲವೇ ಮಿಲಿಮೀಟರ್. ಆ ದಾರಿಯನ್ನೂ ಬಿಟ್ಟರು.

ಫ್ರಾನ್ಸಿನಲ್ಲಿ ಆಗಲೇ ಶಿಕ್ಷಣ ಕಡ್ಡಾಯವಾಗಿತ್ತು. ತರಗತಿಯ ಜೊತೆ ಹೆಜ್ಜೆ ಹಾಕಲಾಗದ ಮಕ್ಕಳಿಗೆ ವಿಶೇಷ ಪಾಠ ಕೊಡಬೇಕು, ಆದರೆ ಅಂಥವರನ್ನು ಗುರುತಿಸುವುದು ಹೇಗೆ? ಶಿಕ್ಷಕರ ಮಾತನ್ನೇ ನಂಬಿದರೆ ತುಂಟ ಮಕ್ಕಳೂ ಬಡ ಮಕ್ಕಳೂ ದಡ್ಡರ ಪಟ್ಟಿಗೆ ಸೇರುವ ಅಪಾಯ. 1904ರಲ್ಲಿ ಸರಕಾರ ನೇಮಿಸಿದ ಸಮಿತಿಯಲ್ಲಿ ಬಿನೆ ಇದ್ದರು. ಯುವ ವೈದ್ಯ ತಿಯೊಡೋರ್ ಸಿಮೊನ್ ಅವರೊಂದಿಗೆ 1905ರಲ್ಲಿ 30 ಪ್ರಶ್ನೆ ಮತ್ತು ಕೆಲಸಗಳ ಮಾಪಕವನ್ನು ಸಿದ್ಧಪಡಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು ಎಲ್ಲಕ್ಕಿಂತ ಸುಲಭದ್ದು. ಎರಡು ಗೆರೆಗಳಲ್ಲಿ ಯಾವುದು ಉದ್ದ, ಹೇಳಿದ ಅಂಕೆಗಳನ್ನು ಮರಳಿ ಹೇಳು, ಹೀಗೆ ಮುಂದುವರಿಯುತ್ತದೆ. 1908ರಲ್ಲಿ ಇವನ್ನು 3ರಿಂದ 13 ವರ್ಷದವರೆಗೆ ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಎಂಟು ವರ್ಷದ ಮಗು ಆರು ವರ್ಷದವರು ಮಾಡುವಷ್ಟನ್ನೇ ಮಾಡಿದರೆ ಅದು ಎರಡು ವರ್ಷ ಹಿಂದಿದೆ ಎಂದರ್ಥ, ಅಷ್ಟೇ.

ಹಿಂದಿರುವ ಮಗು ಹಿಂದೆಯೇ ಉಳಿಯಬೇಕೆಂದು ಬಿನೆ ಎಂದೂ ಒಪ್ಪಲಿಲ್ಲ. 1909ರಲ್ಲಿ ಮಕ್ಕಳ ಬಗ್ಗೆ ಬರೆದ ಪುಸ್ತಕದಲ್ಲಿ, ಬುದ್ಧಿ ಹುಟ್ಟಿನಿಂದಲೇ ಗೊತ್ತಾದ, ಏರದ ಇಳಿಯದ ಮೊತ್ತ ಎನ್ನುವವರನ್ನು ಖಂಡಿಸಿದರು. ಗಮನ, ಜ್ಞಾಪಕ, ವಿವೇಚನೆ ಇವುಗಳಿಗೆ ವ್ಯಾಯಾಮ ಬೇಕೆಂದು ಅದಕ್ಕೆ ಮಾನಸಿಕ ಆರ್ಥೊಪೀಡಿಕ್ಸ್ ಎಂಬರ್ಥದ ಹೆಸರು ಕೊಟ್ಟರು. ವಿಶೇಷ ತರಗತಿಯ ಮಕ್ಕಳಿಗೆ ಮೊದಲು ಆಡಿಸುತ್ತಿದ್ದದ್ದು ವಿಗ್ರಹದ ಆಟ. ಸೂಚನೆ ಕೊಟ್ಟೊಡನೆ ಇದ್ದಲ್ಲೇ ಅಲುಗಾಡದೆ ನಿಲ್ಲಬೇಕು. ನಮ್ಮ ಮಕ್ಕಳು ಸ್ಟ್ಯಾಚ್ಯೂ ಎಂದು ಕೂಗಿ ಆಡುವ ಆಟವೇ!

1911ರಲ್ಲಿ ಮಾಪಕವನ್ನು ಮತ್ತೊಮ್ಮೆ ತಿದ್ದಿ, ಅದೇ ಅಕ್ಟೋಬರ್ 18ರಂದು 54ರ ಹರೆಯದಲ್ಲಿ ಬಿನೆ ತೀರಿಕೊಂಡರು. ಮರುವರ್ಷವೇ ಜರ್ಮನಿಯ ಸ್ಟರ್ನ್, ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ಮುಂದಿಟ್ಟರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದರು. ಅದೇ ಇಂದಿನ ಬುದ್ಧಿಲಬ್ಧ, ಐ.ಕ್ಯೂ. ಸಹಾಯ ಯಾರಿಗೆ ಬೇಕೆಂದು ತಿಳಿಯಲು ಹುಟ್ಟಿದ ಪರೀಕ್ಷೆಯನ್ನು ಹಡಗಿನಿಂದಿಳಿದ, ಇಂಗ್ಲಿಷ್ ಬಾರದ ವಲಸಿಗರಿಗೂ ಕೊಟ್ಟು ಮಂದಬುದ್ಧಿಯವರೆಂದು ಬರೆದುಕೊಂಡರು. ಇದು ಬಿನೆಯ ಹೆಸರಿಗೆ ಆದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅವರು ಮಕ್ಕಳೊಂದಿಗೆ ಕೆಲಸ ಮಾಡಿದ ಪ್ಯಾರಿಸ್ಸಿನ ಶಾಲೆಗೆ 1920ರ ಸುಮಾರಿಗೆ ಬಂದ ಪಿಯಾಜೆ ಮಾತ್ರ ಬೇರೆ ದಾರಿ ಹಿಡಿದರು. ಅಂಕ ಕೊಡುವುದಕ್ಕಿಂತ, ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಉತ್ತರ ಏಕೆ ಕೊಡುತ್ತಾರೆಂದು ಕೇಳಿದರು. ಕಲಿಕೆಯ ಹಂತಗಳ ಬಗ್ಗೆ ನಾವು ಓದುವ ಪಿಯಾಜೆಯ ಸಿದ್ಧಾಂತ ಆ ಪ್ರಶ್ನೆಯಿಂದ ಬೆಳೆದದ್ದು.

ನಮ್ಮಲ್ಲಿಗೆ ಈ ಪರೀಕ್ಷೆಯನ್ನು ತಂದವರು ವಿ.ವಿ. ಕಾಮತ್. ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪ್ರಯೋಗಿಸಿ, ಪ್ರಶ್ನೆಗಳನ್ನು ಇಲ್ಲಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಬಿನೆಯ ಪ್ರಶ್ನೆಗಳಲ್ಲಿ ಮೂರು ವರ್ಷದ ಮಗು ತನ್ನ ಮನೆತನದ ಹೆಸರು ಹೇಳಬೇಕೆಂದಿದೆ. ಅಡ್ಡಹೆಸರೇ ಇಲ್ಲದ ಎಷ್ಟೋ ಮನೆಗಳಿರುವ ಕಾಪು, ಕಾರ್ಕಳಗಳ ಮಗು ಏನು ಹೇಳೀತು? ಊರು ಬದಲಾದರೆ ಪ್ರಶ್ನೆಯೂ ಬದಲಾಗಬೇಕು, ಭಾಷೆಯೂ ಬದಲಾಗಬೇಕು.

ನಮ್ಮ ಹುಡುಗ ಮನೆಯಲ್ಲಿ ಉರ್ದು ಮಾತಾಡುವವನು. ಪರೀಕ್ಷೆ ನಡೆದದ್ದು ಕನ್ನಡದಲ್ಲಿ. ಮೀನು ಮಾರುವ ತಂದೆಯ ಜೊತೆ ನಿಂತು ಬಂಗುಡೆಯನ್ನು ನೂರರ ಲೆಕ್ಕದಲ್ಲಿ ಎಣಿಸಿ ಚಿಲ್ಲರೆ ಕೊಡುವವನು ಅವನೇ ಎಂದು ಆ ದಿನ ತಾಯಿಯಿಂದ ತಿಳಿಯಿತು. ಎರಡು ವರ್ಷ ಪಾಠ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. ಈ ಅಂಕೆ ಸರ್ಟಿಫಿಕೇಟ್ ಅಲ್ಲಮ್ಮ, ಎಲ್ಲಿಂದ ಶುರು ಮಾಡಬೇಕೆಂದು ತೋರಿಸುವ ಗುರುತು ಅಷ್ಟೇ ಎಂದೆ. ಉರ್ದು ಬಲ್ಲವರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸುವ ಮಾತಾಯಿತು. ಅಲ್ಲಿಯವರೆಗೆ ದಿನಾ ಸಂಜೆ ಅರ್ಧ ಗಂಟೆ ನನ್ನ ಬಳಿ ಕೂರಿಸಿಕೊಂಡೆ. ಲೆಕ್ಕವನ್ನು ಬಂಗುಡೆಯಿಂದ ಶುರು ಮಾಡಿದೆವು.