ಫಾದರ್ ಮುಲ್ಲರ್: ಮಾತ್ರೆ ಮಾರಿ ಬಡವರಿಗೆ ಆಸ್ಪತ್ರೆ ಕಟ್ಟಿದ ಜರ್ಮನ್ ಪಾದ್ರಿ

ನೆರೂಳ: ಕ್ರಿಸ್‌ಮಸ್‌ಗೆ ಇನ್ನು ಕೆಲವೇ ದಿನ ಬಾಕಿ. ನೆರೂಳ, ಸೀವುಡ್ಸ್, ವಾಶಿ ಸುತ್ತಮುತ್ತ ನೆಲೆಸಿರುವ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಯಾರಿ ಜೋರಾಗಿದೆ. ನೆವ್ರಿ, ಕಿಡಿಯೋ, ಗುಳಿಯೋ, ಚಕ್ಕುಲಿ ತುಂಬಿದ ತಟ್ಟೆಗಳು ಜಾತಿ, ಧರ್ಮ ನೋಡದೆ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತವೆ. ಇದೇ ಹೊತ್ತಿಗೆ ಬೀದಿಬದಿ ಮಲಗುವವರಿಗೆ ಕಂಬಳಿ, ಆಸ್ಪತ್ರೆಯಲ್ಲಿರುವವರಿಗೆ ಹಣ್ಣು, ಆಶ್ರಮದ ಮಕ್ಕಳಿಗೆ ಕೇಕ್ ಕೊಡುವ ಕೆಲಸವೂ ನಡೆಯುತ್ತದೆ.

ಒಳ್ಳೆಯದೇ. ಆದರೆ ಡಿಸೆಂಬರ್ 26ರಂದು ಏನಾಗುತ್ತದೆ? ಹಣ್ಣು ತಿಂದು ಮುಗಿದಿರುತ್ತದೆ, ಕಾಯಿಲೆ ಹಾಗೇ ಇರುತ್ತದೆ. ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ 140 ವರ್ಷಗಳ ಹಿಂದೆಯೇ ಒಬ್ಬರು ಉತ್ತರ ಕೊಟ್ಟು ಹೋಗಿದ್ದಾರೆ. ಅವರ ಹೆಸರು ಫಾದರ್ ಅಗಸ್ಟಸ್ ಮುಲ್ಲರ್.

ಪನ್ವೇಲ್‌ನಲ್ಲಿ ಕೊಂಕಣ ರೈಲು ಹತ್ತಿ ಮಂಗಳೂರು ಜಂಕ್ಷನ್‌ನಲ್ಲಿ ಇಳಿಯುವ ನವಿ ಮುಂಬೈ ಕನ್ನಡಿಗರಿಗೆ ಕಂಕನಾಡಿ ಎಂಬ ಹೆಸರು ಹೊಸದಲ್ಲ. ಆ ನಿಲ್ದಾಣದ ಹಳೆಯ ಹೆಸರೇ ಕಂಕನಾಡಿ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಆಸ್ಪತ್ರೆ ಇದೆ. ಅಲ್ಲಿ ಹುಟ್ಟಿದವರು, ಅಲ್ಲಿ ಹೆರಿಗೆಯಾದವರು, ಅಲ್ಲಿ ನರ್ಸಿಂಗ್ ಕಲಿತವರು ನೆರೂಳದಲ್ಲೂ ಸಿಗುತ್ತಾರೆ. ಆದರೆ ಆ ಫಾದರ್ ಯಾರು, ಏಕೆ ಬಂದರು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಿಮೆ.

ಕ್ರಿಸ್‌ಮಸ್ ಕಳೆದು ಆರನೇ ದಿನ ಮಂಗಳೂರಿಗೆ

ಮುಲ್ಲರ್ ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರದೇಶದಲ್ಲಿ. 20ರ ಹರೆಯದಲ್ಲಿ, 1861ರಲ್ಲಿ ಯೇಸು ಸಭೆ ಸೇರಿದರು. ಜೆಸ್ವಿಟರು ಎಂದು ನಾವು ಕರೆಯುವುದು ಈ ಸಭೆಯ ಪಾದ್ರಿಗಳನ್ನೇ. ಶಾಲೆ, ಕಾಲೇಜು ಕಟ್ಟುವುದರಲ್ಲಿ ಅವರದ್ದು ದೊಡ್ಡ ಹೆಸರು.

1878ರಲ್ಲಿ ಪೋಪ್ 13ನೇ ಲಿಯೋ ಮಂಗಳೂರಿನ ಕಥೋಲಿಕ ಮಿಷನ್ನಿನ ಹೊಣೆಯನ್ನು ಜೆಸ್ವಿಟರಿಗೆ ಒಪ್ಪಿಸಿದರು. ಮೊದಲ ತಂಡ ಕಡಲು ದಾಟಿ ಬಂದು ಮಂಗಳೂರು ಮುಟ್ಟಿದ್ದು ಅದೇ ವರ್ಷದ ಡಿಸೆಂಬರ್ 31ರಂದು. ಇಟಲಿಯವರೇ ಹೆಚ್ಚಿದ್ದ ಆ ತಂಡದಲ್ಲಿ ಮುಲ್ಲರ್ ಕೂಡ ಇದ್ದರು. ಕ್ರಿಸ್‌ಮಸ್ ಕಳೆದು ಆಗಿನ್ನೂ ಆರನೇ ದಿನ. ಅವರಿಗೆ ವಯಸ್ಸು 37.

ಮಂಗಳೂರಿಗೆ ಆಗ ರೈಲು ಇರಲಿಲ್ಲ. ಅದು ಬಂದದ್ದು 1907ರಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಜರ್ಮನ್ನರು ಊರಿಗೆ ಹೊಸಬರಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲೇ ಬಂದು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ತೆರೆದಿದ್ದರು. ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದಿದ್ದರು. ಆ ಹೆಸರುಗಳು ನಮ್ಮ ಶಾಲಾ ಪಠ್ಯದಲ್ಲಿವೆ. ಮುಲ್ಲರ್ ಹೆಸರು ಉಳಿದಿರುವುದು ಆಸ್ಪತ್ರೆಯ ಫಲಕದಲ್ಲಿ, ಬಸ್ ನಿಲ್ದಾಣದಲ್ಲಿ, ರೋಗಿಗಳ ಚೀಟಿಯಲ್ಲಿ.

ಪಾಠದ ಜೊತೆಗೆ ಮಾತ್ರೆ

1880ರ ಜನವರಿಯಲ್ಲಿ ಜೆಸ್ವಿಟರು ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದರು. ಅಲ್ಲಿ ಪಾಠ ಹೇಳುತ್ತಿದ್ದ ಮುಲ್ಲರ್‌ಗೆ ಹೋಮಿಯೋಪತಿ ತಿಳಿದಿತ್ತು. ಅವರದೇ ನಾಡಿನ ಸ್ಯಾಮ್ಯುಯೆಲ್ ಹಾನಿಮನ್ ಆರಂಭಿಸಿದ ಪದ್ಧತಿ ಅದು. ಮುಲ್ಲರ್ ಮೊದಮೊದಲು ಕಾಲೇಜಿನ ಹುಡುಗರಿಗೆ, ಜೊತೆಗಿದ್ದವರಿಗೆ ಮಾತ್ರೆ ಕೊಡುತ್ತಿದ್ದರು. ಸುದ್ದಿ ಹರಡಿತು. ಹೊರಗಿನವರೂ ಬರತೊಡಗಿದರು.

ಅದೇ ವರ್ಷ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರುವಾಯಿತು. ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಕೂತು ಮದ್ದು ಕೊಡುತ್ತಿದ್ದರು ಎಂಬುದು ಮಂಗಳೂರಿನವರು ಇಂದಿಗೂ ಹೇಳುವ ಮಾತು. ಊರಿನಲ್ಲಿ ವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲವದು. ದುಡ್ಡಿಲ್ಲದವರಿಗೆ ಅವರೂ ಎಟುಕುತ್ತಿರಲಿಲ್ಲ.

ಮುಲ್ಲರ್ ಎಲ್ಲರಂತೆ ದೇಣಿಗೆ ಕೇಳಿ, ಅದು ಮುಗಿದಾಗ ಮತ್ತೆ ಕೇಳಿಕೊಂಡು ಇರಬಹುದಿತ್ತು. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ವಿದೇಶದಿಂದ ಹೋಮಿಯೋಪತಿ ಔಷಧ ತರಿಸಿ, ಅದನ್ನು ಸಿದ್ಧಪಡಿಸಿ, ದೇಶದ ಬೇರೆ ಬೇರೆ ಊರುಗಳಿಗೆ ಅಂಚೆಯಲ್ಲಿ ಕಳಿಸಿ ಮಾರತೊಡಗಿದರು. ದುಡ್ಡಿದ್ದವರು ಕಾಸು ಕೊಟ್ಟು ಕೊಂಡರು. ಆ ಲಾಭ ಕಂಕನಾಡಿಯ ಬಡ ರೋಗಿಗಳ ಖರ್ಚಿಗೆ ಹೋಯಿತು. ಇಂದು ಇಂಥದ್ದಕ್ಕೆ 'ಸಾಮಾಜಿಕ ಉದ್ಯಮ' ಎಂಬ ಹೆಸರಿದೆ. ಮುಲ್ಲರ್ ಮಾಡಿದ್ದು ಇಷ್ಟೇ: ಹಬ್ಬ ಇರಲಿ, ಇಲ್ಲದಿರಲಿ, ನಾಳೆಯ ಗಂಜಿಗೆ ದಾರಿ ಮಾಡಿಟ್ಟರು.

ಯಾರೂ ಮುಟ್ಟದವರನ್ನು ಕರೆದರು

1890ರಲ್ಲಿ ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗ ಪೀಡಿತರಿಗೆ ಆಶ್ರಯಧಾಮ ತೆರೆದರು. ಸಂತ ಜೋಸೆಫರ ಹೆಸರಿನ ಈ ಆಶ್ರಯವೇ ಅವರ ಬದುಕಿನ ದೊಡ್ಡ ತಿರುವು.

ಆ ಕಾಲದಲ್ಲಿ ಕುಷ್ಠ ಎಂದರೆ ಏನಾಗಿತ್ತು ಎಂಬುದನ್ನು ನೆನಪಿಸಿಕೊಳ್ಳಬೇಕು. ನಾರ್ವೆಯ ಹ್ಯಾನ್ಸನ್ 1873ರಲ್ಲೇ ಈ ರೋಗದ ಬ್ಯಾಕ್ಟೀರಿಯಾ ಗುರುತಿಸಿದ್ದರು. ಆದರೂ ಜನ ಅದನ್ನು ಶಾಪ, ಪಾಪದ ಫಲ ಎಂದೇ ನಂಬಿದ್ದರು. ರೋಗ ಕಾಣಿಸಿಕೊಂಡವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದರು. ಅವರು ದೇವಸ್ಥಾನದ ಎದುರು, ಸಂತೆ ದಾರಿಯಲ್ಲಿ ಬೇಡಬೇಕಿತ್ತು. ಬ್ರಿಟಿಷ್ ಸರ್ಕಾರ 1898ರಲ್ಲಿ ಒಂದು ಕಾಯ್ದೆಯನ್ನೇ ತಂದಿತು. ದಿಕ್ಕಿಲ್ಲದೆ ಅಲೆಯುವ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅದು ಅವಕಾಶ ಕೊಟ್ಟಿತು. ಅದಕ್ಕೂ ಎಂಟು ವರ್ಷ ಮೊದಲೇ ಮುಲ್ಲರ್ ಬಾಗಿಲು ತೆರೆದು ಒಳಗೆ ಕರೆದಿದ್ದರು.

ಮುಲ್ಲರ್ ಅವರ ಔಷಧದಿಂದ ಕುಷ್ಠ ಗುಣವಾಯಿತೇ? ಇದನ್ನು ನೇರವಾಗಿ ಹೇಳಿಬಿಡಬೇಕು. ಕುಷ್ಠವನ್ನು ಗುಣಪಡಿಸುವ ಮದ್ದು ಆಗ ಯಾವ ವೈದ್ಯ ಪದ್ಧತಿಯಲ್ಲೂ ಇರಲಿಲ್ಲ. ಸಲ್ಫೋನ್ ಔಷಧಗಳು ಬಂದದ್ದು 1940ರ ದಶಕದಲ್ಲಿ. ಇಂದು ರೋಗವನ್ನು ಪೂರ್ತಿ ಗುಣಪಡಿಸುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಹೋಮಿಯೋಪತಿ ಬಗ್ಗೆ ಆಗಲೂ ಈಗಲೂ ವಾದ-ವಿವಾದ ಇದ್ದೇ ಇದೆ.

ಆದರೆ ಸೂರು, ಊಟ, ಹುಣ್ಣು ತೊಳೆದು ಬಟ್ಟೆ ಕಟ್ಟುವ ಕೈ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ ಇವುಗಳ ಬಗ್ಗೆ ಯಾವ ವಾದವೂ ಇಲ್ಲ. ಬೀದಿಗೆ ಬಿದ್ದವರಿಗೆ ಮೊದಲು ಬೇಕಾಗಿದ್ದದ್ದು ಅದು. ಗುಣಪಡಿಸಲು ಆಗುವುದಿಲ್ಲ ಎಂದು ಗೊತ್ತಿದ್ದ ಕಾಯಿಲೆಯವರನ್ನು ನೋಡಿಕೊಳ್ಳಲು ಹೊರಟಿದ್ದೇ ಮುಲ್ಲರ್ ಅವರ ದೊಡ್ಡತನ.

ಪ್ಲೇಗ್ ಬಂದಾಗ

1895ರಲ್ಲಿ ಕಂಕನಾಡಿಯಲ್ಲಿ ಸಾಮಾನ್ಯ ರೋಗಿಗಳಿಗೂ ಆಸ್ಪತ್ರೆ ಆಯಿತು. ಮರದ ಕೆಳಗೆ ಶುರುವಾದದ್ದಕ್ಕೆ ಹದಿನೈದೇ ವರ್ಷದಲ್ಲಿ ಹಾಸಿಗೆಗಳು ಬಂದವು.

ಮರುವರ್ಷ ಮುಂಬೈಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. 1896ರಲ್ಲಿ ಮಾಂಡ್ವಿಯ ಬಂದರು ಪ್ರದೇಶದಿಂದ ಶುರುವಾದ ಆ ಮಾರಿ ವರ್ಷಗಟ್ಟಲೆ ದೇಶ ಸುತ್ತಿತು. ಜನ ಮುಂಬೈ ಬಿಟ್ಟು ಊರಿಗೆ ಓಡಿದರು. ಕೊರೊನಾ ಕಾಲದಲ್ಲಿ ನಾವು ಕಂಡದ್ದನ್ನೇ ಆಗಿನವರೂ ಕಂಡಿದ್ದರು. ಹಾಫ್‌ಕಿನ್ ಮುಂಬೈಯಲ್ಲೇ 1897ರಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿದರೂ ಜನರಿಗೆ ಸೂಜಿಯ ಭಯ, ಸರ್ಕಾರದ ಮೇಲೆ ಅನುಮಾನ.

ಮಂಗಳೂರನ್ನೂ ಪ್ಲೇಗ್ ಬಿಡಲಿಲ್ಲ. 1902ರಲ್ಲಿ ಮುಲ್ಲರ್ ಪ್ಲೇಗ್ ಪೀಡಿತರಿಗೆ ಪ್ರತ್ಯೇಕ ಆಸ್ಪತ್ರೆ ತೆರೆದರು. ಆಗ ಅವರ ವಯಸ್ಸು 61. ಕುಷ್ಠ, ಅದರ ಬೆನ್ನಿಗೆ ಪ್ಲೇಗ್: ಜನ ಯಾವ ರೋಗಿಯಿಂದ ದೂರ ಓಡುತ್ತಾರೋ ಅವರ ಕಡೆಗೇ ಇವರ ನಡಿಗೆ ಎಂಬುದು ಊರಿಗೆ ಅರ್ಥವಾಗಿತ್ತು. 1907ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಎ-ಹಿಂದ್ ಪದಕ ಕೊಟ್ಟು ಗೌರವಿಸಿತು.

ಅದೇ ಮಂಗಳೂರಿನಲ್ಲಿ ಅದೇ ವರ್ಷಗಳಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ, ವಸತಿ ಕಟ್ಟುತ್ತಿದ್ದರು ಎಂಬುದನ್ನೂ ಮರೆಯಬಾರದು. ಒಬ್ಬರು ಜರ್ಮನ್ ಪಾದ್ರಿ, ಇನ್ನೊಬ್ಬರು ಊರಿನ ಸಾರಸ್ವತ ವಕೀಲರು. ಇಬ್ಬರೂ ಹಿಡಿದದ್ದು ಸಮಾಜ ಹೊರಗಿಟ್ಟವರ ಕೈಯನ್ನೇ.

ನವೆಂಬರ್ 1ರ ನೆನಪು

ಫಾದರ್ ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು, 69ನೇ ವಯಸ್ಸಿನಲ್ಲಿ. ಕ್ರೈಸ್ತರಿಗೆ ಅದು ಸರ್ವ ಸಂತರ ಹಬ್ಬದ ದಿನ. 46 ವರ್ಷಗಳ ಬಳಿಕ ಅದೇ ತಾರೀಕಿನಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯ ಸೇರಿತು. ನಾವೆಲ್ಲ ಇರುವಲ್ಲೇ ರಾಜ್ಯೋತ್ಸವ ಆಚರಿಸುವ ದಿನವೇ ಅವರ ಪುಣ್ಯತಿಥಿ.

ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಕಂಕನಾಡಿಯ ಆಸ್ಪತ್ರೆಯಲ್ಲಿ ಇಂದು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಎಂಬಿಬಿಎಸ್ ಶಿಕ್ಷಣ ಆರಂಭವಾದವು. ಮಂಗಳೂರು ಧರ್ಮಪ್ರಾಂತ ಈ ಸಂಸ್ಥೆಗಳನ್ನು ನಡೆಸುತ್ತಿದೆ. ಅವರು ಶುರು ಮಾಡಿದ ಹೋಮಿಯೋಪತಿ ಔಷಧ ತಯಾರಿಕೆಯೂ ಮುಂದುವರಿದಿದೆ.

ಕುಷ್ಠದ ಕಳಂಕ ಮಾತ್ರ ಇಷ್ಟು ಬೇಗ ಅಳಿಯಲಿಲ್ಲ. 1898ರ ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠ ಇದೆ ಎಂಬುದೇ ವಿಚ್ಛೇದನಕ್ಕೆ ಕಾರಣವಾಗಬಹುದಿದ್ದ ಕಾನೂನು ಬದಲಾದದ್ದು 2019ರಲ್ಲಿ. ರೋಗಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಸಿಗುತ್ತಿದ್ದರೂ ಭಯದಿಂದ ಮಚ್ಚೆ ಮುಚ್ಚಿಟ್ಟುಕೊಳ್ಳುವವರು ಈಗಲೂ ಇದ್ದಾರೆ.

ನಾವು ಏನು ಮಾಡಬಹುದು?

ಎಲ್ಲರೂ ಆಸ್ಪತ್ರೆ ಕಟ್ಟಲು ಆಗುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಆದರೆ ಮುಲ್ಲರ್ ಬದುಕಿನಿಂದ ಮೂರು ವಿಷಯಗಳನ್ನು ಈ ಕ್ರಿಸ್‌ಮಸ್‌ಗೆ ಎತ್ತಿಕೊಳ್ಳಬಹುದು.

ಮೊದಲನೆಯದು, ಎಲ್ಲರೂ ಹೋಗುವ ಕಡೆಗೆ ಬಿಟ್ಟು ಯಾರೂ ಹೋಗದ ಕಡೆಗೆ ಹೋಗುವುದು. ಡಿಸೆಂಬರ್ 25ರಂದು ಕೆಲವು ಆಶ್ರಮಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಕೇಕ್ ಬರುತ್ತದೆ, ಕೆಲವಕ್ಕೆ ಯಾರೂ ಕಾಲಿಡುವುದಿಲ್ಲ. ನಮ್ಮ ಪನ್ವೇಲ್ ತಾಲೂಕಿನ ನೆರೆಯಲ್ಲೇ ಕುಷ್ಠರೋಗ ಪೀಡಿತರಿಗಾಗಿ ಶುರುವಾದ ಶಾಂತಿವನ ಇದೆ ಎಂಬುದು ನೆರೂಳದ ಎಷ್ಟು ಮಂದಿಗೆ ಗೊತ್ತು?

ಎರಡನೆಯದು, ಏನು ಬೇಕು ಎಂದು ಕೇಳಿ ಕೊಡುವುದು. ನೆರೂಳದಿಂದ ಲೋಕಲ್ ರೈಲಿನಲ್ಲಿ ಮೂರನೇ ನಿಲ್ದಾಣ ಖಾರ್ಘರ್. ಅಲ್ಲಿನ ಟಾಟಾ ಕ್ಯಾನ್ಸರ್ ಕೇಂದ್ರಕ್ಕೆ ದೇಶದ ನಾನಾ ಕಡೆಯಿಂದ ರೋಗಿಗಳು ಬರುತ್ತಾರೆ. ಮರಾಠಿ, ಹಿಂದಿ ಬಾರದ ಕನ್ನಡದ ಕುಟುಂಬಕ್ಕೆ ಕೆಲವೊಮ್ಮೆ ಹಣಕ್ಕಿಂತ ಹೆಚ್ಚಾಗಿ ಬೇಕಾಗುವುದು ಡಾಕ್ಟರ್ ಹೇಳಿದ್ದನ್ನು ಬಿಡಿಸಿ ಹೇಳುವ ಒಬ್ಬರು, ಒಂದು ವಾರ ತಂಗಲು ಜಾಗ, ಒಂದು ಡಬ್ಬಿ ಊಟ. ಇದಕ್ಕೆ ಖರ್ಚು ಕಡಿಮೆ, ಸಮಯ ಮಾತ್ರ ಕೊಡಬೇಕು.

ಮೂರನೆಯದು, ನಿಲ್ಲದಂತೆ ನೋಡಿಕೊಳ್ಳುವುದು. ಒಂದೇ ದಿನ 6,000 ರೂಪಾಯಿ ಕೊಡುವ ಬದಲು ತಿಂಗಳಿಗೆ 500ರಂತೆ ವರ್ಷವಿಡೀ ಒಬ್ಬ ರೋಗಿಯ ಮಾತ್ರೆಗೆ ಕೊಟ್ಟರೆ ಹೋಗುವ ಹಣ ಅಷ್ಟೇ. ಆದರೆ ಆ ರೋಗಿ ಜನವರಿಯಿಂದ ಡಿಸೆಂಬರ್‌ವರೆಗೆ ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲ. ಸೊಸೈಟಿಯಲ್ಲಿ ಹತ್ತು ಮನೆ ಸೇರಿದರೆ ಹತ್ತು ಜನರ ಮಾತ್ರೆ.

ಕುಸ್ವಾರ್ ತಟ್ಟೆ ಪಕ್ಕದ ಮನೆಗೆ ಹೋಗಲಿ, ಕೇಕ್ ಮಕ್ಕಳಿಗೆ ಹೋಗಲಿ. ಅದರ ಜೊತೆಗೆ ಡಿಸೆಂಬರ್ 26ಕ್ಕೂ ಏನಾದರೂ ಉಳಿದಿರಲಿ.