ಗಾಜನೂರಿನ ಮುತ್ತುರಾಜರ ಕೊನೆಯ ಹೊಡೆದಾಟ

ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಮುತ್ತುರಾಜರು ತಂದೆ ಪುಟ್ಟಸ್ವಾಮಯ್ಯನವರ ಜೊತೆ ಬಾಲ್ಯದಲ್ಲೇ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. 1994ರ ‘ಒಡಹುಟ್ಟಿದವರು’ ನಂತರ ಆರು ವರ್ಷ ನಾಯಕನಾಗಿ ತೆರೆಗೆ ಬರಲಿಲ್ಲ. ಫಾಲ್ಕೆ ಪ್ರಶಸ್ತಿಯೂ ಬಂದಿತ್ತು, ಅಲ್ಲಿಗೇ ನಿಲ್ಲಿಸಬಹುದಿತ್ತು.

ಎಪ್ಪತ್ತು ದಾಟಿದರೂ 2000ರ ‘ಶಬ್ದವೇಧಿ’ಯಲ್ಲಿ ಪೊಲೀಸ್ ಅಧಿಕಾರಿಯಾಗಿ ಹೊಡೆದಾಟಕ್ಕಿಳಿದರು. ಯಾಕೆ? ಬಣ್ಣದಲ್ಲೇ ಬೆಳೆದವರಿಗೆ ಸುಮ್ಮನೆ ಕೂರುವುದು ಬಂದಿರಲಿಕ್ಕಿಲ್ಲ. ಬಾಕ್ಸರ್ ಮುಹಮ್ಮದ್ ಅಲಿ ನಿವೃತ್ತಿಯಾದ ಮೇಲೂ 38ರಲ್ಲಿ ಕಣಕ್ಕೆ ಮರಳಿ ಲ್ಯಾರಿ ಹೋಮ್ಸ್ ಕೈಲಿ ಪೆಟ್ಟು ತಿಂದರು. ಸಿನಿಮಾದ ಏಟು ಹಾಗೆ ಬೀಳುವುದಿಲ್ಲ, ನಿಜ; ಆದರೆ ಕರೆಯುವ ಶಿಳ್ಳೆ ಒಂದೇ. ‘ಕಸ್ತೂರಿ ನಿವಾಸ’ದ ಎತ್ತರ ಈ ಚಿತ್ರಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಅದೇ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದಲೇ ವೀರಪ್ಪನ್ ಅವರನ್ನು ಎಳೆದೊಯ್ದ. 108 ದಿನ ಕಾಡು. ಬಿಡುಗಡೆಯಾದ ಮೇಲೆ ಅವರು ಮತ್ತೆ ನಾಯಕನಾಗಲಿಲ್ಲ. 2006ರ ಏಪ್ರಿಲ್ 12ರಂದು ತೀರಿಕೊಂಡರು.